ಸೋಮವಾರ ಬಂದ ದೆವ್ವ

"ಅಕ್ಕೋರೆ, ನಿಮ್ಮ ಕತೆ ಮೊಮ್ಮಗಳು ಓದಿ ಹೇಳಿದ್ಲು" ಎನ್ನುತ್ತಾ ಮೀನು ಮಾರುವ ನಾಗಮ್ಮ, ತಲೆಯ ಮೇಲಿನ ಬುಟ್ಟಿ ಇಳಿಸದೆ ಅಂಗಳದಲ್ಲೇ ನಿಂತಳು. ಮೀನಿಗೆಂದು ಪಾತ್ರೆ ಹಿಡಿದು ಬಂದಿದ್ದ ನಾನು ಮೆಟ್ಟಿಲಲ್ಲೇ ನಿಂತೆ.

ಶಾಲೆಯಲ್ಲಿ ಕಲಿಸುತ್ತಾ ಆಗೊಮ್ಮೆ ಈಗೊಮ್ಮೆ ಕತೆ ಬರೆಯುವವಳು ನಾನು. ಪತ್ರಿಕೆಯಲ್ಲಿ ಬಂದಿದ್ದ ಆ ಕತೆಯಲ್ಲಿ ಸದಾಶಿವಗಡದ ಹಾಳುಮನೆಗೆ ಪ್ರತಿ ಸೋಮವಾರ ಮಧ್ಯಾಹ್ನ ಒದ್ದೆ ಸೀರೆಯ ಹೆಣ್ಣುದೆವ್ವವೊಂದು ಬಂದು, ಮುಚ್ಚಿದ ಬಾಗಿಲೆದುರು "ಮೀನು ಬೇಕಾ?" ಎಂದು ಕೂಗುತ್ತಿತ್ತು. ಓದಿದವರು ಹೆದರಿದೆವೆಂದಾಗ ಉಬ್ಬಿಹೋಗಿದ್ದೆ. ಆದರೆ ನಾನು ದೆವ್ವ ಮಾಡಿದ್ದು, ಕಾಳಿ ಹೊಳೆಯಲ್ಲಿ ದೋಣಿ ಮಗುಚಿ ತೀರಿಕೊಂಡ ನಾಗಮ್ಮನ ತಂಗಿಯನ್ನು. ಅವಳ ಹಸಿರು ಬಳೆ, ಎಡಗಾಲೆಳೆಯುವ ನಡಿಗೆ, ಎಲ್ಲವನ್ನೂ ಯಾರನ್ನೂ ಕೇಳದೆ ಎತ್ತಿಕೊಂಡಿದ್ದೆ.

"ತಪ್ಪಾಯ್ತು ನಾಗಮ್ಮ" ಎನ್ನುವಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಬಳೆ ಅಂದಾಗ ನನ್ನ ಎದೆ ಹೊಡ್ಕಂತು. ತಂಗಿಗೆ ಇನ್ನೂ ಮುಕ್ತಿ ಸಿಗಲಿಲ್ವಾ ಅಂದ್ಕಂಡೆ. ಆಮೇಲೆ ಸೋಮಾರ ಅಂತ ಬಂತು ನೋಡಿ! ಸೋಮಾರ ನಮ್ಮಲ್ಲಿ ಮೀನು ತಿಂಬೋರು ಯಾರು? ನನ್ನ ತಂಗಿ ಸೋಮಾರ ಬುಟ್ಟಿ ಮುಟ್ಟಿದವಳೇ ಅಲ್ಲ. ಅದು ಅವಳಲ್ಲ ಬಿಡಿ."

ಹಾಗೆಂದು ನಕ್ಕು, ಬುಟ್ಟಿ ಇಳಿಸಿ, ನನ್ನ ಪಾತ್ರೆಗೆ ಬಂಗಡೆ ಹಾಕತೊಡಗಿದಳು.

ನಮ್ಮ ಮನೆಯಲ್ಲೂ ಸೋಮವಾರ ಮೀನಿಲ್ಲ. ಬರೆಯುವಾಗ ಅದು ಹೊಳೆಯಲೇ ಇಲ್ಲ. ಕತೆ ಪುಸ್ತಕಕ್ಕೆ ಹೋಗುವಾಗ ಬಳೆಯನ್ನೂ ಆ ನಡಿಗೆಯನ್ನೂ ತೆಗೆದುಹಾಕಿದೆ. ಸೋಮವಾರವನ್ನು ಮಾತ್ರ ತಿದ್ದಲಿಲ್ಲ.