ಗ್ರಹಣದ ದಿನದ ಕೊಂಡಿ

ನನ್ನ ಎಡಗಾಲು ಹುಟ್ಟಿದಂದಿನಿಂದಲೂ ಬಲಗಾಲಿಗಿಂತ ದಪ್ಪ, ಒಂದಿಷ್ಟು ಉದ್ದ. ತೊಡೆಯಿಂದ ಮೀನಖಂಡದವರೆಗೆ ನೇರಳೆಗೆಂಪು ಮಚ್ಚೆ, ಅದರ ಮೇಲೆ ಉಬ್ಬಿದ ರಕ್ತನಾಳಗಳು. ಕಾಲು ನನ್ನದು, ಶಿಕ್ಷೆ ಅನುಭವಿಸಿದ್ದು ಅವ್ವ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಅವ್ವ ಕೊಂಡಿ ಹಾಕುವುದರಲ್ಲಿ ಹೆಸರಾದವಳು. ಸೀರೆಯ ಮೈಯ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಜೋಡಿಸುವುದೇ ಕೊಂಡಿ. ನಾನು ಹೊಟ್ಟೆಯಲ್ಲಿದ್ದಾಗ, ಒಂದು ಗ್ರಹಣದ ಹಗಲು, ಅವಳು ಮಗ್ಗದ ಮುಂದೆ ಕುಳಿತು ಅದನ್ನೇ ಮಾಡುತ್ತಿದ್ದಳು. ಬಸುರಿ ಗ್ರಹಣದಲ್ಲಿ ಯಾವ ಕೆಲಸವನ್ನೂ ಮುಟ್ಟಬಾರದು ಎನ್ನುವುದು ಮನೆಯ ಕಟ್ಟಳೆ. ನಾನು ಹುಟ್ಟಿದ್ದೇ ತಡ, ಅಪ್ಪನ ತಾಯಿ ತೀರ್ಪು ಕೊಟ್ಟಳು.

"ಗ್ರಹಣದಾಗ ಕೊಂಡಿ ಹಾಕಿದಿ. ಕೂಸಿನ ನರಾನೂ ಹಂಗ ಕೊಂಡಿ ಬಿದ್ದಾವ ನೋಡು."

ಗ್ರಹಣದ ದಿನ, ಸೀರೆ ಅಂದೇ ಮುಗಿಯಬೇಕೆಂದು ಬೆನ್ನು ಹತ್ತಿ ಅವ್ವನನ್ನು ಮಗ್ಗಕ್ಕೆ ಕೂಡಿಸಿದವಳು ಇದೇ ಅಜ್ಜಿ! ನೆನೆದರೆ ಈಗಲೂ ಮೈ ಉರಿಯುತ್ತದೆ. ಅವ್ವ ಅಂದಿನಿಂದ ಕೊಂಡಿ ಹಾಕುವುದನ್ನೇ ಬಿಟ್ಟು, ಬೇರೆಯವರಿಗೆ ನೂಲು ಸುತ್ತಿಕೊಡುತ್ತ ಮೂಲೆಯಲ್ಲಿ ಕುಳಿತಳು. ಸಾಲಿಯಲ್ಲಿ ಹುಡುಗಿಯರು ನನ್ನ ಕಾಲು ನೋಡಿ ನಕ್ಕ ದಿನ ನಾನೂ ಅವಳ ಮೇಲೆಯೇ ಕೂಗಾಡಿದೆ.

"ಯಾಕ ಹಾಕಿದಿ ಆ ಕೊಂಡಿ?"

ಹೋದ ವರ್ಷ ಮಚ್ಚೆಯಿಂದ ರಕ್ತ ಸೋರಿ ನಿಲ್ಲದಾದಾಗ ಇಬ್ಬರೂ ಬಾಗಲಕೋಟೆಯ ದವಾಖಾನೆಗೆ ಹೋದೆವು. ಗರ್ಭದಲ್ಲಿಯೇ ರಕ್ತನಾಳಗಳು ದಾರಿ ತಪ್ಪಿ ಬೆಳೆದಿವೆ, ಇದು ಅಪರೂಪದ ತೊಂದರೆ ಎಂದು ಡಾಕ್ಟರು ಸ್ಕ್ಯಾನ್ ತೋರಿಸಿ ಹೇಳಿದರು. ಬಿಗಿಯಾದ ಕಾಲುಚೀಲ ಬರೆದುಕೊಟ್ಟರು. ನಾನು ಎದ್ದರೂ ಅವ್ವ ಏಳಲಿಲ್ಲ.

"ನಾ ಗ್ರಹಣದಾಗ ಕೊಂಡಿ ಹಾಕಿದ್ನಿರಿ ಸಾಹೇಬ್ರ. ಅದಕ್ಕ ಹಿಂಗಾಗಿದ್ದಲ್ಲೇನ್ರಿ?"

"ಅಲ್ಲವ್ವಾ. ನೀವು ಏನ್ ಮಾಡಿದ್ರೂ, ಬಿಟ್ರೂ ಇದು ಆಗೂದ ಇತ್ತು. ನಿಮ್ಮ ತಪ್ಪು ಏನೂ ಇಲ್ರಿ."

ಇಷ್ಟೇ ಮಾತು. ಇದನ್ನು ಕೇಳಲು ಅವಳು ನಲವತ್ತು ವರ್ಷ ಕಾದಿದ್ದಳು. ಜಗಳ ತೆಗೆಯೋಣವೆಂದರೆ ಅಜ್ಜಿ ಸತ್ತು ಎಷ್ಟೋ ಕಾಲವಾಗಿದೆ.

ಮನೆಗೆ ಬಂದವಳೇ ಅವ್ವ ಕೈ ತೊಳೆದು ಮಗ್ಗದ ಮುಂದೆ ಕುಳಿತಳು. ರೇಷ್ಮೆ ಎಳೆ ಹಿಡಿದಳು, ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು.

"ಬೆರಳು ಮರ್ತಾವ ನೋಡವಾ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನನ್ನ ಕಾಲು ಹುಟ್ಟಿನಿಂದಲೇ ಹೀಗೆ. ಅವಳ ಕೈಯನ್ನು ಹೀಗೆ ಮಾಡಿದವರು ನಾವು.