ಮಾದಪ್ಪಣ್ಣನ ನೀರಿನ ಘಾಟಿ

ಮಾದಪ್ಪಣ್ಣನ ಬಲಗಾಲು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ದೇವಸ್ಥಾನದ ಜಗುಲಿಯಲ್ಲಿ ಕೂತಾಗಲೂ, ಊಟದ ಎಲೆಯ ಮುಂದೆ ಕೂತಾಗಲೂ ಆ ಪಾದ ನೆಲವನ್ನು ಒತ್ತುತ್ತಲೇ ಇರುತ್ತಿತ್ತು. ದಿಂಬಂ ಘಾಟಿಯಲ್ಲಿ ವರ್ಷಗಟ್ಟಲೆ ಲಾರಿಯ ಎಕ್ಸಿಲರೇಟರ್ ತುಳಿದು, ಕೋಸಿನ ಲೋಡು ಇಳಿಸಿ, ಸಿಮೆಂಟಿನ ಲೋಡು ಹತ್ತಿಸಿದ ಕಾಲು ಅದು. ಭಾರದ ಲಾರಿಗಳಿಗೆ ಘಾಟಿಯಲ್ಲಿ ನಿರ್ಬಂಧ ಬಂದ ಮೇಲೆ ಅವರು ಲಾರಿಯನ್ನು ಗುಜರಿಗೆ ಹಾಕಿದರು. ಎಂಜಿನ್ ಒಂದನ್ನು ಮಾತ್ರ ಬಿಚ್ಚಿಸಿಕೊಂಡು, ಹಿತ್ತಲಲ್ಲಿ ಟಾರ್ಪಾಲು ಹೊದಿಸಿ ಇಟ್ಟಿದ್ದರು. ಕೇಳಿದರೆ, "ಮೈ ಓದ್ರೆ ಓಗ್ಲಿ, ಜೀವ ಇರ್ಲಿ ಅಂತ" ಎನ್ನುತ್ತಿದ್ದರು.

ನಾನು ಅವರನ್ನು ಹತ್ತಿರದಿಂದ ಕಂಡದ್ದು ಬೋಟಿನಲ್ಲಿ. ಇಬ್ಬರೂ ಗೆಟ್ಟವಾಡಿಯವರು. ನಮ್ಮೂರಿನಿಂದ ರಾಜ್ಯದ ಗಡಿ ದಾಟಿ ಚಾಮರಾಜನಗರದ ಕಡೆ ಹೋಗುವ ಬಸ್ಸು ದಾರಿಯಲ್ಲಿ ಒಂದು ಜಲಾಶಯದ ಏರಿಯ ಬಳಿ ನಿಲ್ಲುತ್ತದೆ. ನೀರಿನಾಚೆ ಸೋಲಿಗರ ಪೋಡು, ಎಂದರೆ ಕಾಡಂಚಿನ ಹಾಡಿ. ಅಲ್ಲಿನ ಪುಟ್ಟ ಶಾಲೆಯಲ್ಲಿ ನಾನು ಟೀಚರಾಗಿದ್ದೆ. ಮಾದಪ್ಪಣ್ಣ ಕಬ್ಬಿಣದ ತಗಡಿನ ಗಿಡ್ಡನೆಯ, ದಪ್ಪನೆಯ ಬೋಟೊಂದರಲ್ಲಿ ಜನರನ್ನು ಆಚೆಗೂ ಈಚೆಗೂ ಸಾಗಿಸುತ್ತಿದ್ದರು. ಆಚೆ ದಡದ ತೋಟದಲ್ಲಿ ಕೂಲಿ ಮುಗಿದು, ಆಳುಗಳೆಲ್ಲ ಬಂದು ಕೂತ ಮೇಲೆಯೇ ಸಂಜೆಯ ಕೊನೆಯ ಟ್ರಿಪ್ಪು. ಈಚೆ ದಡ ಮುಟ್ಟಿ ಏರಿ ಹತ್ತುವುದರೊಳಗೆ ಊರಿನ ಕೊನೆಯ ಬಸ್ಸು ಒಂದೋ ಹೊರಟಿರುತ್ತಿತ್ತು, ಇಲ್ಲವೇ ಹೊರಡುವುದರಲ್ಲಿರುತ್ತಿತ್ತು. ತಪ್ಪಿದರೆ ಕಾವಲುಗಾರನ ಶೆಡ್ಡಿನಲ್ಲೇ ಬೆಳಗಾಗಬೇಕು. ಆನೆ ಓಡಾಡುವ ಆ ರಸ್ತೆಗೆ ಕತ್ತಲಾದ ಮೇಲೆ ಯಾರೂ ಕಾಲಿಡುವುದಿಲ್ಲ.

ದಿನಚರಿ ಬರೆಯುವುದು ನನಗೆ ಹಳೆಯ ಅಭ್ಯಾಸ. ಬಸ್ಸು ಸಿಕ್ಕ ದಿನ ಅಂಚಿನಲ್ಲೊಂದು ಗೆರೆ, ತಪ್ಪಿದ ದಿನ ಒಂದು ಸೊನ್ನೆ. ಹಗಲು ಗಿಡ್ಡವಾಗುತ್ತ ಬಂದಂತೆ ಸೊನ್ನೆಗಳು ಹೆಚ್ಚಿದವು.

ನನಗೆ ಸೊನ್ನೆ ಎಂದರೆ ಸೊಳ್ಳೆ ಕಾಟ, ಅಷ್ಟೆ. ಮಾದಪ್ಪಣ್ಣನಿಗೆ ಹಾಗಲ್ಲ. ಅವರ ಹೆಂಡತಿ ಪುಟ್ಟಮ್ಮನಿಗೆ ಮರೆವಿನ ಕಾಯಿಲೆ. ಒಮ್ಮೆ ತಾಳಮಲೆಯ ತವರಿಗೆ ಹೋಗುತ್ತೇನೆಂದು ಒಬ್ಬರೇ ಎದ್ದು ಕಾಡಂಚಿನ ದಾರಿ ಹಿಡಿದುಬಿಟ್ಟಿದ್ದರು. ಅಂದಿನಿಂದ ಮಾದಪ್ಪಣ್ಣ ಬೆಳಗ್ಗೆ ಹೊರಡುವಾಗ ಮುದ್ದೆ, ಸಾರು, ನೀರು ಒಳಗಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದರು. ಕೀ ಅವರ ಜೇಬಿನಲ್ಲಿ. ಅವರು ಈ ಏರಿಯ ಮೇಲೆ ಸಿಕ್ಕಿಕೊಂಡರೆ ಪುಟ್ಟಮ್ಮ ಆ ಮನೆಯೊಳಗೆ, ದೀಪ ಹಾಕುವುದನ್ನೂ ಮರೆತು, ಬೆಳಗಿನವರೆಗೆ.

ಪಕ್ಕದ ಮನೆ ಅವರ ತಮ್ಮನದೇ. ಒಂದೇ ಮನೆಯನ್ನು ಪಾಲು ಮಾಡಿ ನಡುವೆ ಗೋಡೆ ಎಬ್ಬಿಸಿದ್ದು. ಬಾವಿಯ ನೀರಿನ ಸರದಿಗೆ ಜಗಳವಾಗಿ, ಎರಡು ಮನೆಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಒಂದು ಸಂಜೆ ಶೆಡ್ಡಿನಲ್ಲಿ ಕೂತಾಗ ನಾನೇ ಕೇಳಿದೆ.

"ಕೀನ ಗೌರಮ್ಮಕ್ಕನ ಕೈಲಿ ಕೊಟ್ಟು ಬರಬಾರ್ದಾ ಅಣ್ಣ? ನಿಮ್ಮ ತಮ್ಮನ ಎಂಡ್ತಿನೇ ಅಲ್ವಾ?"

"ಆ ಗೋಡೆ ಆಚೆಗೆ ನಮ್ಮನೆ ಒಗೆನೂ ಓಗಲ್ಲ ಟೀಚರವ್ವ" ಎಂದರು. "ಎಂಜಿನ್ ಬದಲಾಯ್ಸವಾ. ಎಲ್ಲಾ ಸರಿಯಾಯ್ತದೆ."

ದೀಪಾವಳಿಯ ಬೆನ್ನಿಗೇ ಬರುವ ಗುಮಟಾಪುರದ ಸಗಣಿ ಹಬ್ಬ ಮುಗಿದ ವಾರ ಟಾರ್ಪಾಲಿನ ಕೆಳಗಿದ್ದ ಲಾರಿ ಎಂಜಿನ್ ಎಕ್ಸಿಲರೇಟರ್ ಪೆಡಲಿನ ಸಮೇತ ಏರಿಗೆ ಬಂತು. ಪಂಪ್‌ಸೆಟ್ಟಿನಷ್ಟಿದ್ದ ಹಳೆಯ ಎಂಜಿನ್ ಇಳಿಯಿತು. ನೀರು ತಳ್ಳುವ ಫ್ಯಾನನ್ನೂ ದೊಡ್ಡದು ಮಾಡಿಸಿದರು. ಮೊದಲ ದಿನ ಸಂಜೆ ಬೋಟು ತುಂಬ ಜನ.

"ಗಟ್ಟಿಯಾಗಿ ಇಡ್ಕಳ್ರಪ್ಪೋ! ಇವತ್ತು ಬಸ್ಸೇ ನಮ್ಗೆ ಕಾಯ್ತದೆ" ಎಂದು ಕೂಗಿ ಮಾದಪ್ಪಣ್ಣ ತುಳಿದರು. ಎದೆ ನಡುಗುವಂಥ ಗುಡುಗು. ಬೋಟಿನ ಮೂತಿ ಮೇಲೆದ್ದಿತು, ಹಿಂಭಾಗ ಕುಸಿಯಿತು, ಹಿಂದೆ ನೀರು ಬದುವಿನಂತೆ ಎದ್ದು ನಿಂತಿತು. ದಡ ಮಾತ್ರ ಎಂದಿನಂತೆಯೇ ಮೆಲ್ಲಗೆ ಬರುತ್ತಿತ್ತು.

ತೋಟದ ಕೂಲಿ ಮುಗಿಸಿ ಬರುತ್ತಿದ್ದ, ಏರಿಯ ಕಾವಲುಗಾರನ ಹೆಂಡತಿ, ಪೋಡಿನ ಕೇತಮ್ಮ ಎಲೆಯಡಿಕೆ ಜಗಿಯುತ್ತ ಹೇಳಿದಳು: "ಡ್ರೈವರಣ್ಣ, ನಿನ್ ಬೋಟು ಎಮ್ಮೆ ಅಂಗೆ ಕುಂಡಿ ಊರಿ ಕುಂತ್ಕತಲ್ಲೋ!"

"ಸುಮ್ಕಿರವ್ವ. ಎಂಜಿನ್ ಇನ್ನೂ ಬಿಸಿಯಾಗಿಲ್ಲ."

"ಎಂಜಿನ್ ಆಗ್ದಿದ್ರೇನು, ನೀ ಆಗಿದ್ದೀಯಲ್ಲ!"

ಬೋಟೆಲ್ಲ ನಕ್ಕಿತು. ಮಾದಪ್ಪಣ್ಣ ನಗಲಿಲ್ಲ. ಅಂದೂ ಸೊನ್ನೆಯೇ.

ಆಮೇಲಿನ ದಿನಗಳಲ್ಲಿ ನಾನು ಬೋಟಿನ ಪಕ್ಕಕ್ಕೆ ಕೂತು ನೀರನ್ನೇ ನೋಡತೊಡಗಿದೆ. ಎಣಿಸುವ ಚಾಳಿ ಇರುವವರಿಗೆ ಅಲೆಯೂ ಲೆಕ್ಕವೇ. ಬೋಟು ಮೆಲ್ಲಗೆ ಹೋಗುವಾಗ ಅದರ ಮಗ್ಗುಲಲ್ಲಿ ನಾಲ್ಕೈದು ಸಣ್ಣ ಅಲೆಗಳು ಅಂಟಿಕೊಂಡು ಬರುತ್ತವೆ. ವೇಗ ಹೆಚ್ಚಿದಂತೆ ಒಂದೊಂದು ಅಲೆಯೂ ಉದ್ದವಾಗಿ, ಮಗ್ಗುಲಲ್ಲಿ ಮೂರು ಉಳಿಯುತ್ತವೆ, ಎರಡು ಉಳಿಯುತ್ತವೆ. ಕೊನೆಗೆ ಮೂತಿಯ ಹತ್ತಿರ ಒಂದು ದಿಬ್ಬ, ಬಾಲದ ಹತ್ತಿರ ಇನ್ನೊಂದು, ನಡುವಿನ ಹಳ್ಳದಲ್ಲಿ ಬೋಟು. ಹಳೆಯ ಎಂಜಿನ್ನೇ ಬೋಟನ್ನು ಹೆಚ್ಚುಕಡಿಮೆ ಅಲ್ಲಿಯವರೆಗೆ ತರುತ್ತಿತ್ತು. ಅದರ ಮೇಲೆ ಎಷ್ಟು ತುಳಿದರೂ ಆ ಶಕ್ತಿಯೆಲ್ಲ ದಿಬ್ಬ ಎತ್ತರಿಸುವುದಕ್ಕೆ, ಹಳ್ಳ ತೋಡುವುದಕ್ಕೆ ಖರ್ಚಾಗುತ್ತಿತ್ತು. ನೀರನ್ನು ಅಗಲಿಸಿಕೊಂಡು ಹೋಗುವ ಭಾರದ ಬೋಟು ತಾನೇ ಎಬ್ಬಿಸಿದ ಅಲೆಯನ್ನು ದಾಟಲಾರದು.

ಇದನ್ನು ಹೇಳಿದಾಗ ಮಾದಪ್ಪಣ್ಣ ಬಗ್ಗಿ ನೀರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮುಖ ಅರಳಿತು.

"ಅಂಗಾರೆ ಇದು ಗಾಟಿ ಕಣವ್ವ! ಬೋಟು ಗಾಟಿ ಅತ್ತಕ್ಕೆ ನೋಡ್ತದೆ."

"ಊಂ ಅಣ್ಣ, ಅದೇ."

"ಗಾಟಿ ಅಂದ್ಮೇಲೆ ಅತ್ತಿಸ್ಬೇಕು. ದಿಂಬಂ ಅತ್ತಿಸ್ದವ್ನಿಗೆ ಇದ್ಯಾವ ಲೆಕ್ಕ?"

"ದಿಂಬಂ ಒಂದ್ಕಡೆ ನಿಂತಿರ್ತದಲ್ಲ ಅಣ್ಣ. ಇದು ನಮ್ ಜೊತೇಲೇ ಬರ್ತದೆ. ತುಳ್ದಷ್ಟೂ ಎತ್ರ ಆಯ್ತದೆ. ಬೋಟು ಉದ್ದ ಇದ್ರೆ ಅಲೆನೂ ಉದ್ದ, ಉದ್ದದ ಅಲೆ ಜೋರಾಗಿ ಓಡ್ತದೆ. ಬೋಟು ಉದ್ದ ಮಾಡಿಸ್ಬೇಕು, ಎಂಜಿನ್ ಅಲ್ಲ."

"ಎಳ್ದು ಉದ್ದ ಮಾಡಕ್ಕೆ ಅದೇನು ರಬ್ಬರಾ?" ಎಂದು ಗದರಿದರು. ಘಾಟಿ ಎಂಬ ಮಾತು ಮಾತ್ರ ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಘಾಟಿಯೆದುರು ಕಾಲು ಎತ್ತುವುದು ಅವರ ಜಾಯಮಾನವಲ್ಲ.

ಕಾರ್ತಿಕದ ಒಂದು ಸೋಮವಾರ ಆಳುಗಳು ತಡವಾಗಿ ಬಂದರು. ಮಾದಪ್ಪಣ್ಣ ಹಿಂದೆಂದೂ ತುಳಿಯದಷ್ಟು ತುಳಿದರು. ಮೂತಿ ಆಕಾಶ ನೋಡಿತು. ನೀರು ಹಿಂದಿನ ಅಂಚನ್ನು ದಾಟಿ ಒಳಕ್ಕೆ ಬಂತು. ಕೇತಮ್ಮ "ಬುಡೋ, ಕಾಲು ಬುಡೋ!" ಎಂದು ಕಿರುಚಿದಳು. ಎಂಜಿನ್ ನೀರು ಕುಡಿದು ನಿಂತಿತು. ಬಕೆಟ್ಟಿನಲ್ಲಿ ಮೊಗೆಯುತ್ತ, ಹುಟ್ಟು ಹಾಕುತ್ತ ದಡ ಸೇರಿದಾಗ ಬಸ್ಸಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುತ್ತಿತ್ತು.

ಮಾದಪ್ಪಣ್ಣ ಒದ್ದೆ ಪಂಚೆಯಲ್ಲೇ ರಸ್ತೆಗೆ ಇಳಿದರು. ಕೇತಮ್ಮ ಎದುರಿಗೆ ಅಡ್ಡ ನಿಂತಳು. "ಆನೆ ದಾರಿ ಕಣಣ್ಣ. ನೀ ಸತ್ರೆ ಆ ಬೀಗ ಯಾರ್ ತಗೀತಾರೆ?"

ಅವರು ಅಲ್ಲೇ ರಸ್ತೆಯಂಚಿಗೆ ಕೂತರು. ನಾನು ಮನೆಗೆ ಫೋನು ಮಾಡಿದೆ. ಅವ್ವ ಫೋನು ಹಿಡಿದುಕೊಂಡೇ ಮಾದಪ್ಪಣ್ಣನ ಬೀದಿಗೆ ಹೋದಳು. ಬಾಗಿಲು ಬಡಿಯುವ ಸದ್ದು ನಮಗೂ ಕೇಳಿಸಿತು. ಬಡಿಯುತ್ತಿದ್ದದ್ದು ಒಳಗಿನಿಂದ. ಅವ್ವ ಫೋನನ್ನು ಗೌರಮ್ಮನ ಕೈಗೆ ಕೊಟ್ಟಳು, ನಾನು ನನ್ನದನ್ನು ಮಾದಪ್ಪಣ್ಣನ ಕಿವಿಗೆ ಹಿಡಿದೆ. ಅವರು ಜೇಬಿನ ಕೀ ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಕಡೆಗೆ, "ಗೌರಾ… ಬೀಗ ಒಡ್ದಾಕವ್ವ" ಎಂದರು.

"ಕಲ್ಲು ಕೈಲೇ ಅದೆ ಬಾವ" ಎಂದಳು ಗೌರಮ್ಮ. "ನೀವೊಂದ್ಮಾತು ಅನ್ಲಿ ಅಂತ ಎಷ್ಟು ದಿಸದಿಂದ ಕಾಯ್ತಿವ್ನಿ."

ಎರಡೇ ಏಟು. ಆಮೇಲೆ ಪುಟ್ಟಮ್ಮನ ಅಳು, ಗೌರಮ್ಮ ಸಮಾಧಾನ ಮಾಡುವ ಸದ್ದು. ಮಾದಪ್ಪಣ್ಣ ಫೋನನ್ನು ಕಿವಿಯಿಂದ ತೆಗೆಯಲೇ ಇಲ್ಲ.

ಹೊಸ ಬೀಗ ಅವರು ಕೊಳ್ಳಲಿಲ್ಲ. ಪುಟ್ಟಮ್ಮ ಹಗಲೆಲ್ಲ ಗೌರಮ್ಮನ ಜಗುಲಿಯಲ್ಲಿರತೊಡಗಿದರು. ಹಳೆಯ ಎಂಜಿನ್ ಬೋಟಿಗೆ ಮರಳಿತು. ಸೊನ್ನೆಗಳು ಅಷ್ಟೇ ಇದ್ದವು. ಆದರೆ ಸೊನ್ನೆಯ ದಿನ ಮಾದಪ್ಪಣ್ಣ ಶೆಡ್ಡಿನಲ್ಲಿ ಒಲೆ ಹೂಡಿ, ಕೇತಮ್ಮ ಕೊಟ್ಟ ಗೆಣಸು ಸುಟ್ಟು ನಮಗೆಲ್ಲ ಹಂಚುತ್ತಿದ್ದರು.

ಬೇಸಿಗೆಯಲ್ಲಿ ನನಗೆ ಬೇರೆ ಶಾಲೆಯ ಕೆಲಸ ಸಿಕ್ಕಿತು. ಪೋಡಿನ ಶಾಲೆಯ ಕೊನೆಯ ದಿನ ಬಸ್ಸು ಸಿಕ್ಕಿತು. ಊರಲ್ಲಿ ಇಳಿದು, ಪುಟ್ಟಮ್ಮನನ್ನು ಮಾತಾಡಿಸಿಕೊಂಡು ಹೋಗೋಣವೆಂದು ಮಾದಪ್ಪಣ್ಣನ ಜೊತೆಗೇ ನಡೆದೆ. ಇನ್ನೂ ಬೆಳಕಿತ್ತು. ಪುಟ್ಟಮ್ಮ ತಲೆ ಬಾಚಿ, ಸೇವಂತಿಗೆ ಮುಡಿದು ಗೌರಮ್ಮನ ಜಗುಲಿಯಲ್ಲಿ ಕೂತಿದ್ದರು. ಮಾದಪ್ಪಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಯಾರಪ್ಪ? ಬನ್ನಿ, ಕುಂತ್ಕಳಿ. ನಮ್ಮನೆಯವ್ರು ಬೋಟಿಗೋಗವ್ರೆ. ಇನ್ನೇನು ಬಂದ್ಬುಡ್ತಾರೆ."

ಒಳಗಿಂದ ನೀರು ತಂದ ಗೌರಮ್ಮ ಹೊಸಿಲಲ್ಲೇ ನಿಂತುಬಿಟ್ಟಳು. ಮಾದಪ್ಪಣ್ಣ ಚಪ್ಪಲಿ ಬಿಟ್ಟು, ಹೆಗಲ ಟವಲ್ಲಿನಿಂದ ಮುಖ ಒರೆಸಿಕೊಂಡು, ಪುಟ್ಟಮ್ಮನ ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಕೂತರು.

"ಬರ್ಲಿ ಬುಡವ್ವ" ಎಂದರು. "ನಾನೂ ಅವರ್ಗೇ ಕಾಯ್ತಿವ್ನಿ."