ಗಾಜಿನ ಮೇಲೊಂದು ಅಲ್ಬೇನಿಯಾ

ನೀರಿನಲ್ಲಿ ಅದ್ದಿದ ಬೆರಳಿನಿಂದ ಆಕೆ ಟ್ರಾವೆಲ್ ಆಫೀಸಿನ ಗಾಜಿನ ಮೇಜಿನ ಮೇಲೆ ತನ್ನ ದೇಶ ಅಲ್ಬೇನಿಯಾದ ಬೆಟ್ಟ, ಹೊಳೆ, ಸೇತುವೆ ಬರೆದಳು. ನಾವು ದುಡಿಯುವ ಕೊಲ್ಲಿ ದೇಶದ ಎಲೆಕ್ಟ್ರಾ ಸ್ಟ್ರೀಟಿನ ಆ ಆಫೀಸಿನಲ್ಲಿ ನಮ್ಮಿಬ್ಬರ ಮಾತಿನ ನಡುವೆ ಆ ಹೆಸರು ಕೇಳಿ ಹತ್ತಿರ ಬಂದ ನರ್ಸ್ ಆಕೆ. ರಜೆಗೆ ಅಲ್ಲಿಗೆ ಹೋಗುವ ಆಸೆ ನನ್ನದು; ಗುರುತಿಲ್ಲದ ಊರು ಬೇಡ, ಮಂಗಳೂರೇ ಸಾಕೆಂಬ ಹಟ ಹೆಂಡತಿಯದು.

“ನಮ್ಮಲ್ಲಿ ಬಸ್ಸಿನಂತೆ ಓಡುವ ವ್ಯಾನ್ ಜನ ತುಂಬಿದ ಮೇಲೇ ಹೊರಡುವುದು, ಸಿಟ್ಟಾಗಬೇಡಿ. ಯಾರಾದರೂ ಕಾಫಿಗೆ ಕರೆದರೆ ಬೇಡವೆನ್ನಬೇಡಿ,” ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಸೇತುವೆಯಾಚೆ ಒಂದು ಹನಿಯಿಟ್ಟಳು. “ಇದು ನಮ್ಮ ಮನೆ. ನಾನಿದನ್ನು ನೋಡಿ ನಾಲ್ಕು ವರ್ಷವಾಯಿತು.”

ನಮ್ಮೂರಿನವರೇ ಆದ ಏಜೆಂಟರು ಮೇಜು ಒರೆಸಲು ಬಂದರು. ಹೆಂಡತಿ ಕೈ ಅಡ್ಡ ಇಟ್ಟಳು: “ಒರೆಸ್ಬೇಡಿ ಮಾರಾಯ್ರೆ. ಟಿಕೆಟ್ ಅಲ್ಲಿಗೇ ಮಾಡಿ.”

ಎಸಿ ಗಾಳಿಗೆ ಬೆಟ್ಟ, ಹೊಳೆ ಆರಿಹೋದವು. ಆ ಹನಿಯೊಂದು ಮಾತ್ರ ಬಹಳ ಹೊತ್ತು ಉಳಿದಿತ್ತು. ಏಜೆಂಟರು ಟಿಕೆಟ್ ಮಾಡುವವರೆಗೆ ನಾವು ಮೂವರೂ ಅದನ್ನೇ ನೋಡುತ್ತ ಕುಳಿತೆವು.